ಸತ್ಯಾಂಶ: ಕಫದಲ್ಲಿ ಕ್ಯಾಂಡಿಡಾ ಕಂಡ ಮಾತ್ರಕ್ಕೆ ಶ್ವಾಸಕೋಶಕ್ಕೆ ಫಂಗಸ್ ಹಿಡಿದಿದೆ ಎಂದಲ್ಲ

‘ಕಫದ ರಿಪೋರ್ಟಿನಲ್ಲಿ ಕ್ಯಾಂಡಿಡಾ ಎಂದಿದ್ದರೆ ಶ್ವಾಸಕೋಶಕ್ಕೆ ಫಂಗಸ್ ತಗುಲಿದೆ, ಕೂಡಲೇ ಫ್ಲುಕೊನಜೋಲ್ (ಫಂಗಸ್ ಔಷಧ) ನುಂಗಿ’ ಎಂಬ ವಾಟ್ಸಾಪ್ ಸಂದೇಶ ತಪ್ಪು.

ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್) ಆರೋಗ್ಯವಂತರ ಬಾಯಿ, ಗಂಟಲಲ್ಲೂ ಇರುತ್ತದೆ. ಕಫ ಹೊರಬರುವುದು ಅದೇ ದಾರಿಯಲ್ಲಿ. ಆ್ಯಂಟಿಬಯೊಟಿಕ್ ಅಥವಾ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರಲ್ಲಿ ಇದು ಇನ್ನೂ ಹೆಚ್ಚು. ನಿಜವಾದ ಕ್ಯಾಂಡಿಡಾ ನ್ಯುಮೋನಿಯಾ ಬಹಳ ಅಪರೂಪ; ಅದನ್ನು ಖಚಿತಪಡಿಸಲು ಶ್ವಾಸಕೋಶದ ಚೂರನ್ನೇ ಪರೀಕ್ಷಿಸಬೇಕು.

ಅರ್ಧ ಗೊಂದಲ ಹುಟ್ಟುವುದು ಮಾದರಿಯಲ್ಲೇ. ಬೆಳಿಗ್ಗೆ ಎದ್ದು ನೀರಿನಿಂದ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ 3ರಿಂದ 5 ಮಿ.ಲೀ. ಕಫವನ್ನು ಲ್ಯಾಬ್ ಕೊಟ್ಟ ಡಬ್ಬಿಗೆ ಉಗುಳಬೇಕು. ಬರೀ ಎಂಜಲು ಬೇಡ. 2 ಗಂಟೆಯೊಳಗೆ ಲ್ಯಾಬ್ ಸೇರಲಿ. ಹೊರಗೇ ಉಳಿದರೆ ಬಾಯಿಯ ಯೀಸ್ಟ್ ಡಬ್ಬಿಯಲ್ಲೇ ಬೆಳೆದುಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಬಾಯಿಯ ಚರ್ಮಕೋಶಗಳೇ ತುಂಬಿದ್ದರೆ ಬೇರೆ ಮಾದರಿ ಕೇಳುವುದೇ ಸರಿ.

ಕಫದಲ್ಲಿ ಆಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ ಕಂಡರೆ ಮಾತು ಬೇರೆ. ಹಳೆಯ ಕ್ಷಯದಿಂದ ಶ್ವಾಸಕೋಶದಲ್ಲಿ ಕುಳಿ ಬಿದ್ದವರು, ಕೀಮೋಥೆರಪಿಯಲ್ಲಿರುವವರಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಆದರೂ ಅದರ ಬೀಜಕಣ ಗಾಳಿಯಲ್ಲೇ ಇರುವುದರಿಂದ ಸಿಟಿ ಸ್ಕ್ಯಾನ್, ಗ್ಯಾಲಕ್ಟೊಮನಾನ್ (ಈ ಫಂಗಸ್ಸಿನದೇ ಅಂಶ) ಅಥವಾ ಐಜಿಜಿ (ಅದರ ವಿರುದ್ಧದ ಪ್ರತಿಕಾಯ) ಪರೀಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಅಂದಹಾಗೆ, ಆಸ್ಪರ್ಜಿಲಸ್‌ಗೂ ‘ಬ್ಲ್ಯಾಕ್ ಫಂಗಸ್’ ತರುವ ಮ್ಯೂಕರ್‌ಗೂ ಫ್ಲುಕೊನಜೋಲ್ ನಾಟುವುದೇ ಇಲ್ಲ.

ಕಲ್ಚರ್ (ಮಾದರಿಯಲ್ಲಿನ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬಂದರೂ ನಿರಾಳ ಎನ್ನಲಾಗದು: ಶ್ವಾಸಕೋಶಕ್ಕೆ ತಗುಲುವ ನ್ಯುಮೋಸಿಸ್ಟಿಸ್ ಎಂಬ ಫಂಗಸ್ ಸಾಮಾನ್ಯ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಅದಕ್ಕೆ ವಿಶೇಷ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ ಪಿಸಿಆರ್ ಬೇಕು.