ಗೆದ್ದರೂ ದಕ್ಕದ ಟೀಮು

ಇಂಗ್ಲೆಂಡಿನಲ್ಲಿದ್ದೀಯ ಅಂದಮೇಲೆ ನಿನ್ನ ಫುಟ್‌ಬಾಲ್ ಟೀಮು ಯಾವುದು ಅಂತ ದಾವಣಗೆರೆಯಲ್ಲಿ ಎಲ್ಲರೂ ಕೇಳುತ್ತಾರೆ. ಲಿವರ್‌ಪೂಲ್ ಅಂತಲೋ ಆರ್ಸೆನಲ್ ಅಂತಲೋ ಹೇಳುತ್ತಾನೆ, ತಲೆಯಾಡಿಸೋಣ ಅಂತ ತಯಾರಾಗಿರುತ್ತಾರೆ. ನಾನು ಸ್ವಿಂಡನ್ ಟೌನ್ ಅನ್ನುತ್ತೇನೆ. ಆಡಲು ಶುರುವಾದ ತಲೆ ಅರ್ಧದಲ್ಲೇ ನಿಲ್ಲುತ್ತದೆ. ಚಿಕ್ಕಪ್ಪನ ಮಗ ಒಬ್ಬನೇ ಬಿಡದೆ, "ಯಾವ ಲೀಗಲ್ಲಿ ಆಡ್ತಾರಣ್ಣ?" ಅಂದ. ಲೀಗ್ ಟೂ ಅಂದೆ. "ಎರಡನೇದಾ? ಪರವಾಗಿಲ್ಲ ಬಿಡು" ಅಂತ ಸಮಾಧಾನ ಹೇಳಿದ. ಮೊದಲು ಪ್ರೀಮಿಯರ್ ಲೀಗ್, ಆಮೇಲೆ ಚಾಂಪಿಯನ್‌ಶಿಪ್, ಆಮೇಲೆ ಲೀಗ್ ಒನ್, ಅದೆಲ್ಲ ಮುಗಿದಮೇಲೆ ನಮ್ಮದು ಅಂತ ವಿವರಿಸಿ ಅವನ ಸಮಾಧಾನ ಯಾಕೆ ಕೆಡಿಸಲಿ?

ಈ ಟೀಮನ್ನು ನಾನು ಆರಿಸಿಕೊಂಡಿದ್ದಲ್ಲ. ಕೆಲಸ ಸಿಕ್ಕಿದ್ದು ಸ್ವಿಂಡನ್‌ನಲ್ಲಿ. ಮನೆ ಸಿಕ್ಕಿದ್ದು ಕೌಂಟಿ ಗ್ರೌಂಡ್ ಮೈದಾನದ ಹತ್ತಿರ. ಪಕ್ಕದ ಮನೆಯಲ್ಲಿ ಸಿಕ್ಕಿದ್ದು ಕೆಂಪು ಮಫ್ಲರ್ ಸುತ್ತಿಕೊಂಡ ಒಬ್ಬ ಅಜ್ಜ. ಯಾವ ವಾರ ಯಾವ ಕಸದ ಡಬ್ಬ ಹೊರಗಿಡಬೇಕು ಅಂತ ಹೇಳಿಕೊಟ್ಟ ಪುಣ್ಯಾತ್ಮ, ಮಾತು ಮುಗಿಸುವಾಗ ಶನಿವಾರ ಮೂರು ಗಂಟೆಗೆ ಮ್ಯಾಚಿದೆ ಬಾ ಅಂದ. ಕಸದ ವಿಷಯದಲ್ಲಿ ಅಷ್ಟು ಉಪಕಾರ ಮಾಡಿದವನಿಗೆ ಇಲ್ಲ ಅನ್ನೋದು ಹೇಗೆ? ಹೋದೆ. ಸೋತರು. ಮುಂದಿನ ಸಲವೂ ಹೋದೆ. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ಸೋತದ್ದನ್ನು ಕಣ್ಣಾರೆ ಕಂಡವನು ನಾನು. ಸೋಲು ನೋಡಿ ಎದ್ದು ಹೋಗುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ.

ಮೊದಲ ದಿನವೇ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಮೈದಾನದ ಒಂದು ತುದಿಗೆ ಸೂರಿಲ್ಲ. ಸ್ಟ್ರಾಟನ್ ಬ್ಯಾಂಕ್ ಅಂತ ಹೆಸರು. ಅಜ್ಜನಿಗೆ ಇಷ್ಟವಾದ ಜಾಗ ಅದೇ. ಮಳೆ ಶುರುವಾಯಿತು. ನನ್ನ ಹಲ್ಲು ಕಟಕಟ ಅನ್ನೋದು ಕೇಳಿ ಅಜ್ಜ ಹೋಗಿ ಹೊಗೆಯಾಡುವ ಒಂದು ಲೋಟ ತಂದುಕೊಟ್ಟ. ಕಪ್ಪಗೆ, ಖಾರವಾಗಿ, ಏನೋ ಕಷಾಯ ಇರಬೇಕು ಅಂದುಕೊಂಡೆ. ತುಟಿಯ ತನಕ ತಂದಿದ್ದೆ. ಹಿಂದಿನ ಸೀಟಿನ ಹೆಂಗಸು ನನ್ನ ಭುಜ ತಟ್ಟಿ, "ನೀವು ಹಸುವಿನ ಮಾಂಸ ತಿಂತೀರಾ?" ಅಂತ ಕೇಳಿದಳು. ಅದು ಬೋವ್ರಿಲ್. ದನದ ಮಾಂಸದ ಸಾರ. ಅಜ್ಜ ನೊಂದುಕೊಂಡ. 2004ರಲ್ಲಿ ಬಂದಿದ್ದರೆ ಕುಡೀಬಹುದಿತ್ತು, ಆಗ ಕಂಪನಿಯವರು ಮಾಂಸ ತೆಗೆದು ಈಸ್ಟ್ ಹಾಕಿದ್ದರು, 2006ರಲ್ಲಿ ಮತ್ತೆ ಮಾಂಸ ಸೇರಿಸಿಬಿಟ್ಟರು ಅಂದ. ನಾನು ತಡವಾಗಿ ಬಂದದ್ದೇ ತಪ್ಪು ಅನ್ನೋ ಹಾಗಿತ್ತು ಅವನ ಮುಖ. ಆವತ್ತಿಂದ ನನ್ನ ಕೋಟಿನ ಜೇಬಿನಲ್ಲಿ ಶುಂಠಿ ಕಾಫಿಯ ಫ್ಲಾಸ್ಕ್ ಇರುತ್ತದೆ. ಹಿಂದಿನ ಸೀಟಿನವಳಿಗೂ ಅರ್ಧ ಲೋಟ ಕೊಡುತ್ತೇನೆ. ಋಣ ಇದೆ.

ಚರಿತ್ರೆ ಪಾಠ ಹೇಳಿಕೊಟ್ಟಿದ್ದೂ ಅಜ್ಜನೇ. ಹಾಫ್ ಟೈಮಿನಲ್ಲಿ, ಕಂತು ಕಂತಾಗಿ. 1969ರಲ್ಲಿ ಮೂರನೇ ಡಿವಿಷನ್ನಿನ ಸ್ವಿಂಡನ್ ಟೌನ್ ಲೀಗ್ ಕಪ್ ಫೈನಲ್ಲಿಗೆ ಹೋಯಿತು. ಎದುರಿಗೆ ಆರ್ಸೆನಲ್. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನೆಲವೆಲ್ಲ ಕೆಸರು. ಹೆಚ್ಚುವರಿ ಸಮಯದಲ್ಲಿ ಡಾನ್ ರೋಜರ್ಸ್ ಎರಡು ಗೋಲು ಹೊಡೆದ. 3-1. ಅಜ್ಜ ಅಲ್ಲೇ ಇದ್ದನಂತೆ. ಆ ಎರಡನೇ ಗೋಲನ್ನು ಅವನು ಎಷ್ಟು ಸಲ ಕಾಲಲ್ಲಿ ಅಭಿನಯಿಸಿ ತೋರಿಸಿದ್ದಾನೆ ಅಂದರೆ, ಅವನ ಮೊಣಕಾಲು ನೋವಿಗೆ ಅರ್ಧ ಕಾರಣ ಡಾನ್ ರೋಜರ್ಸ್ ಅಂತ ನನ್ನ ಲೆಕ್ಕ.

ಸರಿ, ಆ ಕಪ್ ಗೆದ್ದವರಿಗೆ ಯುರೋಪಿನ ಪಂದ್ಯಾವಳಿಗೆ ಹೋಗುವ ಅವಕಾಶ. ಆದರೆ ಮೂರನೇ ಡಿವಿಷನ್ನಿನವರಿಗೆ ಅಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟರು. ಸಮಾಧಾನಕ್ಕೆ ಇಟಲಿಯ ಟೀಮುಗಳ ಜೊತೆ ಬೇರೆ ಕಪ್ ಏರ್ಪಾಡು ಮಾಡಿದರು. ನಮ್ಮವರು ರೋಮಾವನ್ನು ಸೋಲಿಸಿದರು. ಮರುವರ್ಷ ಇನ್ನೊಂದು ಫೈನಲ್ಲು, ನೇಪಲ್ಸ್‌ಗೇ ಹೋಗಿ ನಾಪೋಲಿ ಮೇಲೆ 3-0 ಮುಂದಿದ್ದರು. ಅಲ್ಲಿನ ಜನ ಸಿಕ್ಕಿದ್ದನ್ನೆಲ್ಲ ಮೈದಾನಕ್ಕೆ ಎಸೆಯಲು ಶುರುಮಾಡಿದ್ದರಿಂದ ಆಟ ಮುಗಿಯುವ ಮೊದಲೇ ನಿಲ್ಲಿಸಿದರು. ಕಪ್ಪೇನೋ ಬಂತು. ಕೊನೇ ಸೀಟಿ ಮಾತ್ರ ಕೇಳಲಿಲ್ಲ.

ಇದು ಹೀಗೇ ಮುಂದುವರಿದದ್ದು ನೋಡಿ. 1990ರಲ್ಲಿ ವೆಂಬ್ಲಿಯಲ್ಲಿ ಪ್ಲೇಆಫ್ ಫೈನಲ್, ಅಂದರೆ ಗೆದ್ದವರು ಮೇಲಿನ ಡಿವಿಷನ್ನಿಗೆ ಹೋಗುವ ಪಂದ್ಯ. ಸಂಡರ್ಲೆಂಡ್ ಮೇಲೆ 1-0 ಗೆಲುವು. ಆಗ ಎಲ್ಲಕ್ಕಿಂತ ಮೇಲಿದ್ದ ಮೊದಲ ಡಿವಿಷನ್ನಿಗೆ ಬಡ್ತಿ. ಊರೆಲ್ಲ ಕುಣಿದು ಸುಸ್ತಾಗುವಷ್ಟರಲ್ಲಿ, ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟಿದ್ದಕ್ಕೆ ಲೀಗಿನವರು ಬಡ್ತಿ ಕಿತ್ತುಕೊಂಡರು. ಸೋತ ಸಂಡರ್ಲೆಂಡ್ ಮೇಲೆ ಹೋಯಿತು! ನಮ್ಮನ್ನು ಮೂರನೇ ಡಿವಿಷನ್ನಿಗೇ ತಳ್ಳಿದ್ದರು. ಮೇಲ್ಮನವಿ ಹಾಕಿ ಎರಡನೆಯದರಲ್ಲೇ ಉಳಿದುಕೊಂಡಿದ್ದು ದೊಡ್ಡದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರೆ ಅಂದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ, ಬಾಯಿಗೆ ಬಂದಿತ್ತು, ಬೆರಳು ಹಾಕಿ ತೆಗೆದರು" ಅಂದ.

ನಮ್ಮ ಮೈದಾನದ ಪಕ್ಕದಲ್ಲೇ ಇರುವ ಮ್ಯಾಜಿಕ್ ರೌಂಡಬೌಟ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 1972ರಲ್ಲಿ ಕಟ್ಟಿದ್ದು. ಐದು ಪುಟ್ಟ ವೃತ್ತಗಳು, ಅವುಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋಗಬೇಕು. ಅವುಗಳ ನಡುವೆ ಇನ್ನೊಂದು ವೃತ್ತ, ಅದರ ಸುತ್ತ ಉಲ್ಟಾ. ಹುಬ್ಬಳ್ಳಿಯ ಸೋದರಮಾವ ಬಂದಿದ್ದಾಗ ಮ್ಯಾಚ್ ತೋರಿಸೋಣ ಅಂತ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ನಡೆದು ಹೋಗೋಣ ಅಂದರೆ ಅವರಿಗೆ ಚಳಿ. ಒಳಗೆ ಹೊಕ್ಕಿದ್ದು ಗೊತ್ತು. ಯಾವ ವೃತ್ತದಿಂದ ಯಾವ ವೃತ್ತಕ್ಕೆ ಜಿಗಿದೆವೋ ಆ ಭಗವಂತನಿಗೇ ಗೊತ್ತು. ಅದೇ ಪೆಟ್ರೋಲ್ ಬಂಕಿನ ಬೋರ್ಡು ಮತ್ತೆ ಮತ್ತೆ ಎದುರಾಯಿತು. ಮಾವ ಸೀಟ್ ಬೆಲ್ಟ್ ಹಿಡಿದುಕೊಂಡು, "ಏನಪಾ ಇದು, ನವಗ್ರಹ ಪ್ರದಕ್ಷಿಣಿ ಹಾಕಾಕತ್ತೀಯೇನು?" ಅಂದರು. ಮೈದಾನದ ದೀಪದ ಕಂಬಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತಿದ್ದವು. ನಾವು ಒಳಗೆ ಕೂರುವಷ್ಟರಲ್ಲಿ ಎದುರಾಳಿ ಗೋಲು ಹೊಡೆದಾಗಿತ್ತು. "ಇನ್ನೊಂದು ಸುತ್ತು ಹಾಕಿದ್ರ ಚಲೋ ಇತ್ತು" ಅಂದರು ಮಾವ.

ಇನ್ನು ಜ್ವರ ಬಂದ ಶನಿವಾರದ ಕಥೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಟೀವಿಯಲ್ಲಿ ಫುಟ್‌ಬಾಲ್ ನೇರಪ್ರಸಾರ ಇಲ್ಲ. 1960ರ ದಶಕದಲ್ಲಿ ಶುರುವಾದ ಪದ್ಧತಿ. ದೊಡ್ಡ ಪಂದ್ಯ ಟೀವಿಯಲ್ಲಿ ಬಂದರೆ ಸಣ್ಣ ಟೀಮುಗಳ ಮೈದಾನಕ್ಕೆ ಯಾರು ಹೋಗುತ್ತಾರೆ ಅನ್ನೋ ಕಾಳಜಿ. ನಮ್ಮಂಥವರ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಕಂಬಳಿ ಹೊದ್ದು ಮಲಗಿದವನಿಗೆ ಅದು ಸಮಾಧಾನ ಕೊಡುತ್ತದಾ? ದೇಶದ ಹೊರಗಿದ್ದವರು ದುಡ್ಡು ಕಟ್ಟಿ ಫೋನಿನಲ್ಲೇ ನೋಡಬಹುದು. ಅಂದರೆ ಮೈದಾನದ ಪಕ್ಕದ ಬೀದಿಯಲ್ಲಿರುವ ನಾನು ನೋಡುವಂತಿಲ್ಲ, ದಾವಣಗೆರೆಯ ಚಿಕ್ಕಪ್ಪನ ಮಗ ನೋಡಬಹುದು.

ಅವನಿಗೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿ ಎಂಟೂವರೆ. ರೊಟ್ಟಿ ತಿನ್ನುತ್ತಾ ಕಾಮೆಂಟರಿ ಶುರುಮಾಡಿದ. ತೊಂದರೆ ಏನೆಂದರೆ, ಅವನ ಫೋನಿನಲ್ಲಿ ಆಟ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ನನ್ನ ಕಿಟಕಿಯಲ್ಲಿ ಕೂಗು ಮೊದಲೇ ಬರುತ್ತಿತ್ತು. ಹೋ ಅಂತ ಸಾವಿರಾರು ಜನ ಕೂಗಿದರು. ಗೋಲೋ, ತಪ್ಪಿದ ಗೋಲೋ, ರೆಫರಿಗೆ ಬೈದದ್ದೋ ಗೊತ್ತಾಗಲಿಲ್ಲ. "ಏನಾಯ್ತೋ?" ಅಂದೆ. "ಏನೂ ಇಲ್ಲ ಅಣ್ಣ, ಬಾಲ್ ಮಧ್ಯದಲ್ಲಿದೆ." "ನೋಡು, ಈಗ ಏನೋ ಆಗುತ್ತೆ ನೋಡು." "ನಿಂಗೆ ಹೇಗೆ ಗೊತ್ತು?" ಆಮೇಲೆ ಅವನೂ ಕಿರುಚಿದ. ನಮ್ಮದೇ ಗೋಲು! ಅಡುಗೆಮನೆಯಲ್ಲಿದ್ದ ಅಮ್ಮನಿಗೆ, "ದೊಡ್ಡಮ್ಮಾ, ಅಣ್ಣ ಭವಿಷ್ಯ ಹೇಳ್ತಾನೆ" ಅಂತ ಕೂಗಿ ಹೇಳಿದ. ಅಮ್ಮ ಫೋನ್ ಕಿತ್ತುಕೊಂಡು, "ಜ್ವರ ಎಷ್ಟಿದೆಯೋ?" ಅಂತ ಕೇಳಿದಳು.

ಆ ಪಂದ್ಯ ಗೆಲ್ಲುತ್ತೇವೆ ಅನ್ನಿಸಿತ್ತು. ಕೊನೇ ಗಳಿಗೆಯಲ್ಲಿ ಎದುರಾಳಿ ಸಮ ಮಾಡಿತು. ಆಗ ನನ್ನ ಕಿಟಕಿಯಲ್ಲಿ ಏನೂ ಕೇಳಿಸಲಿಲ್ಲ. ಅದೇ ನನಗೆ ಉತ್ತರ. ಅಮ್ಮ ದುಗ್ಗಮ್ಮನಿಗೆ ಹರಕೆ ಹೊತ್ತಿದ್ದಳಂತೆ. ಯಾಕಮ್ಮ ಫಲಿಸಲಿಲ್ಲ ಅಂದೆ. "ಆ ಕಡೆಯವರ ಅಮ್ಮಂದಿರೂ ಎಲ್ಲೋ ಹೊತ್ತಿರ್ತಾರೆ ಕಣೋ" ಅಂದಳು.

ಹೊರ ಊರಿನ ಪಂದ್ಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉತ್ತರದ ಒಂದು ಊರಿಗೆ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು ದೂರ, ಅಜ್ಜನ ಜೊತೆ ಹೋಗಿದ್ದೆ. ಗೇಟಿನ ಹತ್ತಿರ ತಲುಪಿದಾಗ ರೆಫರಿ ನೆಲ ಪರೀಕ್ಷೆ ಮಾಡುತ್ತಿದ್ದರು. ಚೆಂಡನ್ನು ಎತ್ತಿ ಬಿಟ್ಟರು. ಅದು ಪುಟಿಯಲಿಲ್ಲ. ಬಿದ್ದಲ್ಲೇ ನೀರಿನಲ್ಲಿ ಕೂತಿತು. ಪಂದ್ಯ ರದ್ದು. ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಕಾರಿನಲ್ಲೇ ತಿಂದು ವಾಪಸ್ ಬಂದೆವು. "ಇವತ್ತು ಸೋಲಲಿಲ್ಲ" ಅಂತ ಅಜ್ಜ ದಾರಿಯುದ್ದಕ್ಕೂ ಖುಷಿಯಾಗಿದ್ದ.

ಅಜ್ಜನ ಚರಿತ್ರೆಯ ಕೊನೇ ಕಂತು ಕೇಳಿ. 1993ರಲ್ಲಿ ಮತ್ತೆ ಪ್ಲೇಆಫ್ ಫೈನಲ್, ಲೆಸ್ಟರ್ ಎದುರು. 3-0 ಮುಂದಿದ್ದವರು 3-3ಕ್ಕೆ ಬಂದು, ಕೊನೆಗೆ ಪೆನಾಲ್ಟಿಯಿಂದ 4-3 ಗೆದ್ದರು. ಈ ಸಲ ಬಡ್ತಿ ಉಳಿಯಿತು. ಆಟಗಾರನೂ ಮ್ಯಾನೇಜರೂ ಆಗಿದ್ದ ಗ್ಲೆನ್ ಹಾಡಲ್ ಉಳಿಯಲಿಲ್ಲ. ಚೆಲ್ಸಿಗೆ ಹೊರಟುಹೋದ. ಪ್ರೀಮಿಯರ್ ಲೀಗಿನಲ್ಲಿ ನಮ್ಮವರು ಮೊದಲ ಗೆಲುವು ಕಂಡದ್ದು ನವೆಂಬರ್‌ನಲ್ಲಿ. ಇಡೀ ಸೀಸನ್ನಿಗೆ ಗೆದ್ದದ್ದು 5. ಕೊನೆಯ ಪಂದ್ಯದಲ್ಲಿ ಲೀಡ್ಸ್ 5 ಗೋಲು ಹೊಡೆದು, ನಮ್ಮ ಬಲೆಗೆ ಬಿದ್ದ ಗೋಲುಗಳ ಲೆಕ್ಕವನ್ನು ಸರಿಯಾಗಿ 100 ಮಾಡಿಕೊಟ್ಟಿತು. ಕೆಳಗಿಳಿದೆವು. ಮತ್ತೆ ಅಲ್ಲಿಗೆ ಹತ್ತಲಿಲ್ಲ. 2020ರಲ್ಲಿ ಲೀಗ್ ಟೂ ಚಾಂಪಿಯನ್ ಆದಾಗಲೂ ಕೊರೋನಾದಿಂದ ಸೀಸನ್ ಅರ್ಧಕ್ಕೇ ನಿಂತು, ಸರಾಸರಿ ಅಂಕದ ಲೆಕ್ಕದಲ್ಲಿ ಪಟ್ಟ ಕೊಟ್ಟರು. ಮುಂದಿನ ಸೀಸನ್ ಬಹುಪಾಲು ಖಾಲಿ ಮೈದಾನದಲ್ಲೇ ಆಡಿ, ಜನ ವಾಪಸ್ ಬರುವಷ್ಟರಲ್ಲಿ ಮತ್ತೆ ಲೀಗ್ ಟೂಗೆ ಇಳಿದಿದ್ದರು.

ಆದರೂ ಅಜ್ಜನಿಗೆ ಆ ನೂರರ ಮೇಲೆ ಅಭಿಮಾನ. ಪ್ರೀಮಿಯರ್ ಲೀಗಿನ ಒಂದು ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಬಿಟ್ಟುಕೊಟ್ಟ ದಾಖಲೆ ಮೂವತ್ತು ವರ್ಷ ನಮ್ಮ ಹೆಸರಿನಲ್ಲೇ ಇತ್ತು. ದೊಡ್ಡ ದೊಡ್ಡ ಟೀಮಿನವರಿಗೂ ಮುರಿಯಲಾಗಲಿಲ್ಲ ಅನ್ನುತ್ತಿದ್ದ. 2024ರ ಮೇ ತಿಂಗಳಲ್ಲಿ ಶೆಫೀಲ್ಡ್ ಯುನೈಟೆಡ್ ಸೀಸನ್ ಮುಗಿಸಿದ್ದು 104ಕ್ಕೆ. ಅದೂ 38 ಪಂದ್ಯದಲ್ಲಿ. ನಮಗೆ 42 ಬೇಕಾಗಿತ್ತು.

ಮಾರನೆಯ ದಿನ ಅಜ್ಜ ಬೇಲಿಯ ಆ ಕಡೆ ನಿಂತಿದ್ದ. ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ, ಗಿಡ ಮಾತ್ರ ಕತ್ತರಿಸುತ್ತಿರಲಿಲ್ಲ.

"ಅದನ್ನೂ ತಗೊಂಡುಹೋದರು ನೋಡು. ಇನ್ನೇನು ಉಳೀತು ನಮಗೆ?"

"ಮುಂದಿನ ಸೀಸನ್ ಟಿಕೆಟ್" ಅಂದೆ.

"ಅದು ಆಗಲೇ ತಗೊಂಡಾಯ್ತು. ನಿಂದೂ ಸೇರಿಸಿ. ದುಡ್ಡು ಯಾವಾಗ ಕೊಡ್ತೀಯ?"