ಬಿ.ಎಡ್ ಹುಡುಗ್ರ ಡೈರಿಗಿ ಮಾರ್ಕ್ಸ್ ಯಾಕ ಹಾಕ್ತೀರಿ?

ಪ್ರತಿ ವರ್ಷ ಇಂಟರ್ನ್‌ಶಿಪ್ ಮುಗ್ಯೋ ಟೈಮಿಗಿ ನಮ್ಮ ಸ್ಟಾಫ್ ರೂಮಿನ ಟೇಬಲ್ ಮ್ಯಾಲ ಬಿ.ಎಡ್ ಹುಡುಗ್ರ ಡೈರಿ ಗುಡ್ಡೆ ಬೀಳ್ತಾವ. ರಿಫ್ಲೆಕ್ಟಿವ್ ಡೈರಿ ಅಂತ ಅದರ ಹೆಸರು, ಮಾಡಿದ ಪಾಠದ ಬಗ್ಗೆ ತಾವೇ ವಿಚಾರ ಮಾಡಿ ದಿನಾ ಬರೀಬೇಕು, ಸಾಲಿಯೊಳಗಿನ ಮಾರ್ಗದರ್ಶಿ ಶಿಕ್ಷಕರ ಸಹಿ ಇಲ್ಲಾಂದ್ರ ಕಾಲೇಜಿನಾಗ ತಗೊಳಲ್ಲ. ನಾ ಓದಿ ಸಹಿ ಮಾಡೋನು, ಹಿಂಗಾಗಿ ಹುಡುಗ್ರು ಎಲ್ಲಾ ಮಾಸ್ತರರ ಹತ್ರ ಹೋಗಿ ಮುಗಿಸಿ ಕಡೀಗಿ ನನ್ನ ಹತ್ರ ಬರ್ತಾರ.

ಒಳಗ ಏನಿರ್ತದ ಕೇಳ್ರಿ. "ಈ ದಿನದ ಪಾಠವು ಪರಿಣಾಮಕಾರಿಯಾಗಿ ಮೂಡಿಬಂದಿತು. ನನ್ನಲ್ಲಿ ಆತ್ಮವಿಶ್ವಾಸ ಹೆಚ್ಚಾಯಿತು. ಸಭಾಕಂಪನ ದೂರವಾಯಿತು." ಸೋಮವಾರ ಹೆಚ್ಚಾಯ್ತು, ಮಂಗಳವಾರ ಹೆಚ್ಚಾಯ್ತು, ಬುಧವಾರ ಮತ್ತ ಹೆಚ್ಚಾಯ್ತು. ಒಬ್ಬನ ಡೈರಿಯಾಗಂತೂ ಸೆಪ್ಟೆಂಬರ್ 17ಕ್ಕೂ ಎಂಟನೇ ಕ್ಲಾಸಿಗಿ ಪಾಠ ಪರಿಣಾಮಕಾರಿ ಆಗಿತ್ತು! ಕಲ್ಯಾಣ ಕರ್ನಾಟಕ ಉತ್ಸವದ ದಿನ, ಝಂಡಾ ಏರಿಸಿ ಮಕ್ಕಳಿಗಿ ಪೇಡೆ ಕೊಟ್ಟು ಮನಿಗಿ ಕಳಿಸಿದ್ದು ನಾವೇ. ಸೀನಿಯರ್ ರೆಕಾರ್ಡ್ ನೋಡಿ ಇಳಿಸಿದ್ರ ಹಿಂಗೇ ಆಗ್ತದ, ತಾರೀಖು ಮಾತ್ರ ಬದಲ್ ಮಾಡೋದು, ಅದೂ ಕ್ಯಾಲೆಂಡರ್ ನೋಡ್ದೆ.

ಈ ಹುಡುಗ್ರಿಗಿ ಬೈಲಾಕ ಇದು ಬರೀಲತ್ತಿಲ್ಲ. ಇದೇ ಹುಡುಗ್ರು ಸಂಜೀಕ ಬಸ್ ಕಾಯ್ಕೋತ ನಿಂತಾಗ ಎಂಥಾ ಮಾತಾಡ್ತಾರ ಅಂತ ಕೇಳಿದೋನು ನಾ. "ಸರ್, ಇವತ್ತ ಮಕ್ಕಳು ನನ್ನ ಮಾರಿ ನೋಡಲಿಲ್ರಿ, ಕಿಟಕಿ ನೋಡಿದ್ರು" ಅಂತಾನ ಒಬ್ಬ. "ಆ ಹಿಂದಿನ ಬೆಂಚಿನ ಪೋರಿಗಿ ನಾ ಸಿಟ್ಟಲೆ ಮಾತಾಡ್ದೆ, ಅದು ನಮ್ಮಪ್ಪ ಮಾತಾಡಿದಂಗೇ ಇತ್ರಿ" ಅಂತಾಳ ಇನ್ನೊಬ್ಬಾಕಿ. ಇದಕ್ಕಿಂತ ದೊಡ್ಡ ರಿಫ್ಲೆಕ್ಷನ್ ಯಾವ ಯೂನಿವರ್ಸಿಟಿಯಾಗ ಸಿಗ್ತದ್ರಿ? ಆದ್ರ ಇದ್ರಾಗಿಂದು ಒಂದು ಅಕ್ಷರ ಡೈರಿಯಾಗ ಬರಲ್ಲ. ಯಾಕಂದ್ರ ಡೈರಿಗಿ ಮಾರ್ಕ್ಸ್ ಅದಾವ. "ನನ್ನ ಪಾಠ ಕೆಟ್ಟಿತ್ತು" ಅಂತ ಬರ್ದು ಅದನ್ನ ಮಾರ್ಕ್ಸ್ ಹಾಕೋರ ಕೈಯಾಗೇ ಕೊಡ್ರಿ ಅಂದ್ರ ಯಾರು ಬರೀತಾರ? ನೀವು ಬರೀತೀರೇನು?

ಕಾಗದದ ಮ್ಯಾಲ ನೋಡಿದ್ರ ಎಲ್ಲಾ ಛಲೋ ಅದ. ಶಿಕ್ಷಕರ ತರಬೇತಿ ಸರಿ ಇಲ್ಲ ಅಂತ ಸುಪ್ರೀಂ ಕೋರ್ಟ್ ನೇಮಿಸಿದ ಜಸ್ಟಿಸ್ ವರ್ಮಾ ಆಯೋಗ 2012ರಾಗ ವರದಿ ಕೊಟ್ತು, ಅದರ ಬೆನ್ನಿಗೇ ಶಿಕ್ಷಕರ ತರಬೇತಿಗಿ ನಿಯಮ ಮಾಡೋ ಕೇಂದ್ರದ ಸಂಸ್ಥೆ ಎನ್‌ಸಿಟಿಇ 2014ರ ನಿಯಮ ತಂತು, 2015ರಿಂದ ಬಿ.ಎಡ್ ಒಂದು ವರ್ಷದ್ದು ಹೋಗಿ ಎರಡು ವರ್ಷದ್ದಾಯ್ತು. ಸಾಲಿಗಿ ಹೋಗೋದು ಕಮ್ಮೀ ಕಮ್ಮಿ 20 ವಾರ ಇರಬೇಕು ಅಂದ್ರು, ಅದ್ರಾಗ 16 ವಾರ ಎರಡನೇ ವರ್ಷದಾಗ. "ಅಂಡರ್‌ಸ್ಟ್ಯಾಂಡಿಂಗ್ ದಿ ಸೆಲ್ಫ್" ಅಂತ ಒಂದು ಕೋರ್ಸೇ ಇಟ್ರು, ನನ್ನನ್ನ ನಾ ತಿಳ್ಕೊಳ್ಳೋದು, ನಾ ಎಲ್ಲಿಂದ ಬಂದೆ, ನನ್ನ ಜಾತಿ, ನನ್ನ ಭಾಷೆ, ನಾ ಗಂಡು ಹೆಣ್ಣು ಅನ್ನೋದು ನನ್ನ ಪಾಠದಾಗ ಹೆಂಗ ಇಣುಕ್ತದ ಅಂತ ನೋಡ್ಕೊಳ್ಳೋದು. ವಿಚಾರ ಭಾರಿ ಅದ. ನನ್ನ ಪ್ರಕಾರ ಇಡೀ ಬಿ.ಎಡ್‌ನಾಗ ಎಲ್ಲಕ್ಕಿಂತ ಮುಖ್ಯ ಇದೇ. ಆದ್ರ ಅದನ್ನ ನಾವು ಏನ್ ಮಾಡೇವಿ? ಬಣ್ಣದ ಪೆನ್ನಿನಾಗ ಅಂಚು ಬಿಡಿಸಿ, ಮೊದಲ ಪೇಜಿಗಿ ಸರಸ್ವತಿ ಫೋಟೋ ಅಂಟಿಸಿ, ಸ್ಪೈರಲ್ ಬೈಂಡಿಂಗ್ ಮಾಡ್ಸಿ ಸಬ್ಮಿಟ್ ಮಾಡೋ ರೆಕಾರ್ಡ್ ಮಾಡೇವಿ.

ಮೈಕ್ರೋ ಟೀಚಿಂಗ್, ಅಂದ್ರ ಸಣ್ಣ ಪಾಠ ಮಾಡಿ ಕಲಿಸೋ ಕೌಶಲ ರೂಢಿ ಮಾಡ್ಕೊಳ್ಳೋದು, ಅದರ ಬಗ್ಗೆ ಒಂದು ಮಾತು ಹೇಳ್ತೀನಿ. 1960ರ ದಶಕದಾಗ ಸ್ಟ್ಯಾನ್‌ಫರ್ಡ್‌ನಾಗ ಹುಟ್ಟಿದ್ದು ಅದು. ನಮ್ಮ ದೇಶದಾಗ ಅದಕ್ಕ 36 ನಿಮಿಷದ ಲೆಕ್ಕ ಮಾಡ್ಯಾರ. 6 ನಿಮಿಷ ಪಾಠ, 6 ನಿಮಿಷ ಅದರ ಬಗ್ಗೆ ಮಾತು, 12 ನಿಮಿಷ ಮತ್ತ ತಯಾರಿ, ಆಮ್ಯಾಲ 6 ನಿಮಿಷ ಅದೇ ಪಾಠ ಇನ್ನೊಮ್ಮೆ, ಮತ್ತ 6 ನಿಮಿಷ ಮಾತು. ಒಂದು ಸಲಕ್ಕ ಒಂದೇ ಕೌಶಲ, ಪ್ರಶ್ನೆ ಕೇಳೋದೋ, ಕಪ್ಪುಹಲಗಿ ಬಳಸೋದೋ. ಇದ್ರಾಗ ಜೀವ ಇರೋದು ಎಲ್ಲಿ? ಆ ನಡುವಿನ 12 ನಿಮಿಷದಾಗ, ಮಾಡಿದ್ದನ್ನ ಮುರ್ದು ಮತ್ತ ಕಟ್ಟೋದ್ರಾಗ. ಆದ್ರ ಬಂದ ಹುಡುಗ್ರಿಗಿ ಕೇಳಿದ್ರ ಎರಡನೇ ಸಲ ಪಾಠ ಮಾಡಿದೋರು ಬೆರಳೆಣಿಕೆ ಮಂದಿ, ಉಳಿದೋರು ಬರ್ದು ಒಪ್ಪಿಸ್ಯಾರ ಅಷ್ಟೇ. ಅದೂ ಎದುರಿಗಿ ಮಕ್ಕಳಾಗಿ ಕೂಡೋರು ಅವರ ಕ್ಲಾಸ್‌ಮೇಟ್‌ಗಳೇ, ಕೇಳಿದ್ದಕ್ಕೆಲ್ಲಾ ಬರಾಬರಿ ಉತ್ತರ ಹೇಳೋ ಶಾಣ್ಯಾ ಮಕ್ಕಳು! ಅಂಥಾ ಮಕ್ಕಳು ನಮಗ ಯಾವ ಸಾಲಿಯಾಗ ಸಿಕ್ಕಾರ್ರಿ?

ಖರೇ ಬೆಳವಣಿಗಿ ಹೆಂಗಿರ್ತದ ಅಂತ ಒಂದು ಉದಾಹರಣೆ ಹೇಳ್ತೀನಿ, ಹೆಸರು ಬ್ಯಾಡ. ಯಾದಗಿರಿ ಕಡಿ ಒಂದು ತಾಂಡಾದಿಂದ ಬಂದ ಹುಡುಗಿ, ಸಮಾಜ ವಿಜ್ಞಾನ. ಮೊದಲ ವಾರ ಎಲ್ಲರಂಗೇ ಪಾಠ ಮುಗಿಸಿ "ತಿಳೀತೇನು?" ಅಂತ ಕೇಳೋದು, ಮಕ್ಕಳು "ತಿಳೀತ್ರೀ ಟೀಚರ್" ಅಂತ ರಾಗ ಎಳ್ಯೋದು. ಎಂಟನೇ ಕ್ಲಾಸಿನ ಮಕ್ಕಳಿಗಿ ಆ ರಾಗ ಒಂದನೇ ಕ್ಲಾಸಿನಿಂದ ಬಾಯಿಪಾಠ ಆಗಿರ್ತದ. ಒಂದು ದಿನ ಆಕಿ ಪಾಠ ಮುಗಿಸಿ ತಿಳೀತೇನು ಅಂತ ಕೇಳೋದು ಬಿಟ್ಟು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಇವತ್ತ ತಿಳೀದೇ ಇದ್ದ ಒಂದು ಶಬ್ದ ಬರೀರಿ, ಹೆಸರು ಬರೀಬ್ಯಾಡ್ರಿ ಅಂದ್ಳು. ಚೀಟಿ ತೆಗ್ದು ನೋಡಿದ್ರ ಅರ್ಧಕ್ಕರ್ಧ ಮಕ್ಕಳು "ಸಾರ್ವಭೌಮ" ಅಂತ ಬರ್ದಿದ್ರು. ಅವತ್ತ ಇಡೀ ಪೀರಿಯಡ್ ಆಕಿ ಆ ಶಬ್ದದ ಮ್ಯಾಲೇ ನಿಂತು ಪಾಠ ಮಾಡಿದ್ದಳು! ಸ್ಟಾಫ್ ರೂಮಿಗಿ ಬಂದು ಚೀಟಿಗಳನ್ನ ಟೇಬಲ್ ಮ್ಯಾಲ ಹರವಿ ಕುಂತ್ಳು, ನಗಬೇಕೋ ಅಳಬೇಕೋ ತಿಳೀದಂಗ ಮಾರಿ ಮಾಡ್ಕೊಂಡು. ಒಂದು ಚೀಟಿಯಾಗ ಶಬ್ದ ಇರಲಿಲ್ಲ, "ಎಲ್ಲಾ" ಅಂತ ಇತ್ತು. ಅಕ್ಷರ ನೋಡಿ ಗುರ್ತು ಹಿಡಿದ್ಳು, ಮನಿಯಾಗ ಲಂಬಾಣಿ ಮಾತಾಡೋ ಪೋರ, ದೀಪಾವಳಿ ಆದಮ್ಯಾಲ ಅವರಪ್ಪ ಅವ್ವನ ಜೋಡಿ ಪುಣೆಕ್ಕ ಗುಳೆ ಹೋಗಿ ತಿಂಗಳಾನುಗಟ್ಲೆ ಸಾಲಿ ಕಾಣದೋನು. ಮರುದಿನ ಆಕಿ ಅವನ ಜೋಡಿ ಲಂಬಾಣಿಯಾಗೇ ಮಾತಾಡ್ದಳು. ನಾ ಅದೇ ಸಾಲಿಯಾಗ ಎಷ್ಟೋ ವರ್ಷದಿಂದ ಇದ್ದೀನಿ, ಆ ಪೋರ ಅಷ್ಟು ಮಾತಾಡೋದು ನಾ ನೋಡಿರ್ಲಿಲ್ಲ.

ಆಮ್ಯಾಲ ಆಕಿ ನನಗ ಹೇಳಿದ್ದು ಇದು: "ಸರ್, ಕಾಲೇಜಿನಾಗ ನಾ ತಾಂಡಾದಾಕಿ ಅಂತ ಗೊತ್ತಾಗ್ಬಾರ್ದು ಅಂತ ಭಾಳ ಶುದ್ಧ ಕನ್ನಡ ಮಾತಾಡ್ತಿದ್ದೆ ರೀ. ಇಲ್ಲಿ ಬಂದು ಅದೇ ಭಾಷೆ ಕೆಲಸಕ್ಕ ಬಂತು."

ಅಂಡರ್‌ಸ್ಟ್ಯಾಂಡಿಂಗ್ ದಿ ಸೆಲ್ಫ್ ಅಂದ್ರ ಇದೇ ಅಲ್ಲೇನ್ರಿ? ಆಕಿ ಡೈರಿ ತೆಗ್ದು ನೋಡ್ದೆ. ಆ ದಿನದ ಪೇಜಿನಾಗ ಏನಿತ್ತು ಗೊತ್ತದೇನು? "ಪಾಠವು ಪರಿಣಾಮಕಾರಿಯಾಗಿತ್ತು." ಯಾಕ ಬರೀಲಿಲ್ಲವ್ವಾ ಅಂತ ಕೇಳಿದ್ರ, "ಫಾರ್ಮ್ಯಾಟ್‌ನಾಗ ಜಾಗ ಇಲ್ರಿ ಸರ್" ಅಂದ್ಳು. ಫಾರ್ಮ್ಯಾಟ್‌ನಾಗ ಉದ್ದೇಶ, ಬೋಧನೋಪಕರಣ, ಸಾಧನೆ, ಸಹಿ ಇಷ್ಟೇ ಕಾಲಂ!

ನಮ್ಮ ಭಾಗದಾಗ ಬಿ.ಎಡ್ ಅಂದ್ರ ಬರೀ ನೌಕರಿ ಕೋರ್ಸ್ ಅಲ್ಲ, ಇದನ್ನ ಬೆಂಗಳೂರು ಮಂದಿಗಿ ಹೇಳಿದ್ರ ಅರ್ಥ ಆಗಲ್ಲ. 1980ರಾಗ ಗುಲಬರ್ಗಾ ಯೂನಿವರ್ಸಿಟಿ ಆಗೋತನಕ ನಮ್ಮ ಕಾಲೇಜುಗಳೆಲ್ಲಾ ಧಾರವಾಡದ ಕೈಕೆಳಗ ಇದ್ವು, ಆಮ್ಯಾಲ 2009ರಾಗ ಕಡಗಂಚಿಯಾಗ ಸೆಂಟ್ರಲ್ ಯೂನಿವರ್ಸಿಟಿ ಬಂತು. ಈಗ ಆಳಂದ, ಅಫಜಲಪುರ, ಚಿಂಚೋಳಿ, ಶಹಾಪುರ ಕಡಿಂದ ಮನಿಯಾಗ ಮೊದಲ ಸಲ ಡಿಗ್ರಿ ಮಾಡಿದ ಹೆಣ್ಮಕ್ಕಳು ಬರ್ತಾರ. ಶಕ್ತಿ ಯೋಜನೆ ಆದಮ್ಯಾಲ ಬಸ್ ಚಾರ್ಜಿನ ಚಿಂತಿ ತಪ್ಪಿದ್ದಕ್ಕ ಇನ್ನೂ ದೂರದಿಂದ ಬರ್ತಾರ. ಅವರಿಗಿ ಈ ಎರಡು ವರ್ಷ ಅಂದ್ರ ಒಬ್ಬಾಕಿನೇ ಬಸ್ ಹತ್ತೋದು, ಗಂಡು ಹುಡುಗ್ರ ಎದುರು ನಿಂತು ಜೋರಾಗಿ ಮಾತಾಡೋದು, ಹೆಡ್‌ಮಾಸ್ತರ್‌ಗಿ "ಆಗಲ್ರಿ ಸರ್" ಅನ್ನೋದು, ಮನಿಯಾಗ ಲಗ್ನದ ಮಾತು ತೆಗದ್ರ "ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗ್ಲಿ ತಡೀರಿ" ಅನ್ನೋದು. ಇದೆಲ್ಲಾ ಯಾವ ಕಾಲಂನಾಗ ಬರೀಬೇಕು? ವ್ಯಕ್ತಿತ್ವ ಬೆಳವಣಿಗಿ, ವೃತ್ತಿ ಬೆಳವಣಿಗಿ ಅಂತ ಎರಡು ತಲೆಬರಹ ಕೊಟ್ಟು ಬೇರೆ ಬೇರೆ ಬರೀರಿ ಅಂತಾರ. ಹೆಡ್‌ಮಾಸ್ತರ್‌ಗಿ ಆಗಲ್ಲ ಅಂದಾಕಿಯೇ ನಾಳೆ ಕ್ಲಾಸಿನಾಗ ಮಗುವಿಗಿ "ನೀ ಆಗಲ್ಲ ಅನ್ನು, ನಡೀತದ" ಅಂತಾಳ, ಇದನ್ನ ಎಲ್ಲಿ ಕಡ್ದು ಎರಡು ಭಾಗ ಮಾಡೋದು?

ಸಾಲಿ ಕಡಿಯಿಂದ ಆಗೋ ತಪ್ಪೂ ಹೇಳಬೇಕು. ಎಸ್‌ಎಸ್‌ಎಲ್‌ಸಿ ರಿಸಲ್ಟ್‌ನಾಗ 2024ಕ್ಕ ಯಾದಗಿರಿ ಕಡೇ ಸ್ಥಾನ, 2025ಕ್ಕ ಕಲಬುರಗಿ. ಟಿವಿಯವರು ವರ್ಷಕ್ಕೊಮ್ಮೆ ನಮ್ಮ ಮಾರಿ ತೋರ್ಸಿ ಹೋಗ್ತಾರ. ಒತ್ತಡ ಅದ, ಹುದ್ದೆ ಖಾಲಿ ಅದಾವ. ಹಿಂಗಾಗಿ ಬಿ.ಎಡ್‌ನೋರು ಬಂದ್ರು ಅಂದ್ರ ಕೆಲವು ಸಾಲಿಗಳಿಗಿ ಪುಕಟ್ ಅತಿಥಿ ಶಿಕ್ಷಕರು ಸಿಕ್ಕಂಗ. ಬಂದ ದಿನಾನೇ ಗಣಿತದ ಹುಡುಗನಿಗಿ ಹಿಂದಿ ಪೀರಿಯಡ್, ಕನ್ನಡದಾಕಿಗಿ ಬಿಸಿಯೂಟದ ಲೆಕ್ಕ. ಅವರ ಪಾಠ ಹಿಂದ ಕುಂತು ನೋಡೋರು ಯಾರೂ ಇಲ್ಲ, ನೋಡಿದ ಮ್ಯಾಲ ಹತ್ತು ನಿಮಿಷ ಮಾತಾಡೋರು ಇಲ್ಲ. ಯಾರೂ ನೋಡದ ಪಾಠದ ಬಗ್ಗೆ ಹುಡುಗ ಒಬ್ಬನೇ ಕುಂತು ಏನ್ ರಿಫ್ಲೆಕ್ಟ್ ಮಾಡ್ತಾನ? ಡೊನಾಲ್ಡ್ ಶೋನ್ ಅಂತ ಅಮೆರಿಕದವ, 1983ರಾಗೇ ಹೇಳ್ಯಾನ, ರಿಫ್ಲೆಕ್ಷನ್ ಎರಡು ತರ, ಒಂದು ಕೆಲಸ ಮಾಡ್ತಾ ಮಾಡ್ತಾ ವಿಚಾರ ಮಾಡೋದು, ಇನ್ನೊಂದು ಮಾಡಿ ಮುಗ್ಸಿ ವಿಚಾರ ಮಾಡೋದು ಅಂತ. ಆ ಚೀಟಿ ಕೊಟ್ಟ ಹುಡುಗಿ ಎರಡನ್ನೂ ಮಾಡಿದ್ಳು, ಶೋನ್ ಯಾರು ಅಂತ ಪರೀಕ್ಷೆಕ್ಕ ಓದಿದ್ಳೋ ಇಲ್ಲೋ.

(ನಡುವ ಒಂದು ಮಾತು. ತನ್ನ ಓರೆಕೋರೆ ತಾನೇ ಎಲ್ಲರೆದುರು ಹೇಳ್ಕೊಳ್ಳೋದು ನಮ್ಮ ಮಣ್ಣಿಗಿ ಹೊಸಾದೇನಲ್ಲ. ಬಸವಕಲ್ಯಾಣ ಇಲ್ಲೇ ಬಾಜೂಕ ಅದ, ಶರಣರು ತಮ್ಮ ಮನಸ್ಸಿನ ಕಳ್ಳತನ ತಾವೇ ವಚನದಾಗ ಬರ್ದಿಟ್ಟು ಹೋಗ್ಯಾರ. ಅದಕ್ಕ ಯಾರೂ ಹತ್ತಕ್ಕ ಎಂಟು ಅಂತ ಹಾಕಿರ್ಲಿಲ್ಲ.)

ಈಗ ನಾ ನಮ್ಮ ಸಾಲಿಗಿ ಬರೋ ಹುಡುಗ್ರಿಗಿ ಒಂದು ಹೇಳ್ತೀನಿ. ಕಾಲೇಜಿನ ಡೈರಿ ಕಾಲೇಜಿಗಿ ಹೆಂಗ ಬೇಕೋ ಹಂಗ ಬರೀರಿ, ಅದ್ರಾಗ ನಾ ಕೈ ಹಾಕಲ್ಲ. ಇನ್ನೊಂದು ಸಾದಾ ನೂರು ಪೇಜಿನ ನೋಟ್‌ಬುಕ್ ಇಡ್ರಿ, ಅದ್ರಾಗ ದಿನಾ ನಿಮ್ಮ ಬಗ್ಗೆ ಬರೀಬ್ಯಾಡ್ರಿ, ಒಂದು ಮಗುವಿನ ಬಗ್ಗೆ ಬರೀರಿ. ಯಾವ ಮಗು ಏನ್ ಕೇಳ್ತು, ಏನ್ ಕೇಳಲಿಲ್ಲ, ನೀವು ಆಗ ಏನ್ ಮಾಡಿದ್ರಿ. ವಿಚಿತ್ರ ನೋಡ್ರಿ, "ನನ್ನ ಬೆಳವಣಿಗೆ" ಅಂತ ತಲೆಬರಹ ಕೊಟ್ರ ಸುಳ್ಳು ಬರೀತಾರ, ಮಗುವಿನ ಬಗ್ಗೆ ಬರೀರಿ ಅಂದ್ರ ತಮ್ಮ ಬಗ್ಗೇನೇ ಖರೇ ಬರೀತಾರ. ವಾರಕ್ಕೊಮ್ಮೆ ನಾ ಓದಿ ಕೆಳಗ ಒಂದೇ ಪ್ರಶ್ನೆ ಬರೀತೀನಿ. ಗುಡ್ ಅಂತ ಬರ್ಯಲ್ಲ, ಸಹಿ ಹಾಕಲ್ಲ, ಕಾಲೇಜಿಗಿ ತೋರ್ಸಲ್ಲ. ಎಲ್ಲರೂ ಬರೀತಾರಂತಲ್ಲ. ಕೆಲವರು ಎರಡನೇ ವಾರಕ್ಕೇ ಬಿಡ್ತಾರ, ಬಿಡ್ಲಿ.

ಇದನ್ನ ಒಬ್ಬ ಬಿ.ಎಡ್ ಲೆಕ್ಚರರ್ ಗೆಳೆಯನಿಗಿ ಹೇಳಿದ್ರ ಅವ ತಲಿ ಮ್ಯಾಲ ಕೈ ಇಟ್ಕೊಂಡ. "ನಿಂದು ಸರಿ ಅದಪಾ, ಆದ್ರ ವೈವಾಕ್ಕ (ಮೌಖಿಕ ಪರೀಕ್ಷೆಕ್ಕ) ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕ) ಬಂದಾಗ ಏನ್ ತೋರಿಸ್ಲಿ? ಮಾರ್ಕ್ಸ್ ಇಲ್ಲಾಂದ್ರ ಒಬ್ಬನೂ ಪೆನ್ನು ಮುಟ್ಟಲ್ಲ." ಅವನ ಮಾತಿನಾಗೂ ಹುರುಳದ, ಅವನ ಕೈಯಾಗ ನೂರು ಹುಡುಗ್ರು ಅದಾರ, ನನ್ನ ಹತ್ರ ಬರೋರು ಏಳೆಂಟು ಮಂದಿ. ನಾ ಅಂದೆ, ಪಾಠಯೋಜನೆ ತೋರ್ಸು, ಹಾಜರಿ ತೋರ್ಸು, ಮಾಡಿದ ಪಾಠಕ್ಕ ಮಾರ್ಕ್ಸ್ ಹಾಕು, ಬೇಕಾದ್ರ ಡೈರಿ ಇಟ್ಟಾನೋ ಇಲ್ಲೋ ಅಂತ ಟಿಕ್ ಹಾಕು, ಒಳಗಿಂದಕ್ಕ ಹಾಕಬ್ಯಾಡ. ವೈವಾದಾಗ ಡೈರಿ ತಿರುವೋ ಬದಲಿ ಒಂದೇ ಪ್ರಶ್ನೆ ಕೇಳು ಅಂದೆ: ನಿನ್ನ ಕ್ಲಾಸಿನಾಗ ತಿಳೀದೇ ಕುಂತಿದ್ದ ಒಂದು ಮಗುವಿನ ಹೆಸರು ಹೇಳು, ಅದಕ್ಕ ನೀ ಏನ್ ಮಾಡ್ದಿ? ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಈ ಪ್ರಶ್ನೆ ಎಕ್ಸ್‌ಟರ್ನಲ್‌ಗೇ ಕೇಳಬೇಕು" ಅಂದ. ಈ ಸಲ ಇಂಟರ್ನಲ್ ವೈವಾದಾಗ ಕೇಳಿ ನೋಡ್ತೀನಿ ಅಂತ ಒಪ್ಪ್ಯಾನ.