ಗೋಡೆಗೆ ಅಂಟಿಸಿದ ಹಳೆಯ ಕಾಲ

ಶಿರಸಿಯಲ್ಲಿ ಈಗ ಯಾರ ಹೊಸ ಮನೆಗೆ ಹೋದರೂ ಹಜಾರದ ಗೋಡೆಗೆ ಹಸೆ ಚಿತ್ತಾರದ ಪ್ಲಾಸ್ಟಿಕ್ ಸ್ಟಿಕ್ಕರ್! ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿನಾರಿನ ಕುಂಚ ಹಿಡಿದು ದೀವರ ಸಮುದಾಯದ ಹೆಂಗಸರು ಒಂದೊಂದೇ ಗೆರೆ ಎಳೆಯುವ ಕಲೆಯದು. ಬರೆಯುವವರು ಇನ್ನೂ ಸುತ್ತಲಿನ ಊರುಗಳಲ್ಲೇ ಇದ್ದಾರೆ. ಅವರನ್ನು ಕರೆಸಿ ಕೂಲಿ ಕೊಡಲು ಮಾತ್ರ ಇವರಿಗೆ ಕೈ ಬರುವುದಿಲ್ಲ.

ನಮ್ಮ ನೆಂಟರ ಮನೆಯ ಸ್ಟಿಕ್ಕರಂತೂ ಆಷಾಢದ ಥಂಡಿಗೆ ಮೂಲೆ ಬಿಟ್ಟು ಮುದುರಿಕೊಂಡಿದೆ. ಪಕ್ಕದಲ್ಲೇ ತಾಮ್ರದ ಹಂಡೆ, ಅದರ ತುಂಬ ಪ್ಲಾಸ್ಟಿಕ್ ಹೂವು. ಹುಣಸೆಹಣ್ಣು ಹಾಕಿ ಹಂಡೆಯನ್ನು ತಿಕ್ಕಬಾರದಂತೆ, ಕಿಲುಬು ಹೋದರೆ ‘ವಿಂಟೇಜ್’ ಕಳೆಯೂ ಹೋಗುತ್ತದಂತೆ! ಬಚ್ಚಲ ಒಲೆಯ ಮೇಲೆ ನೀರು ಕಾಯಿಸುತ್ತಿದ್ದಾಗ ಇದೇ ಹಂಡೆಯನ್ನು ಗುಜರಿಗೆ ಹಾಕಿ ಎಂದು ಗಂಟು ಬಿದ್ದವರೂ ಇವರೇ.